ಕದ್ರಿ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫ್: ಒಂದು ಪಟರ್, ಆರು ಮರ

ಭಾನುವಾರ ಸಂಜೆ ಮಂಗಳೂರಿನ ಕದ್ರಿ ಪಾರ್ಕಿಗೆ ಹೋದವರಿಗೆ ಗೊತ್ತು. ಒಂದು ಕಡೆ ಮಕ್ಕಳ ಗಲಾಟೆ, ಇನ್ನೊಂದು ಕಡೆ ವಾಕಿಂಗ್‌ನವರು, ನಡುವೆ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂತ ಮನೆಮಂದಿ. ಇಂಥ ಜಾಗದಲ್ಲಿ ಡಿಸ್ಕ್ ಎಸೆದು ಆಡಲು ಆಗುತ್ತದಾ ಅಂತ ಕೇಳಿದರೆ, ಆ ಸಂಜೆ ಖಂಡಿತ ಆಗುವುದಿಲ್ಲ. ಬೇರೆ ಹೊತ್ತಿನಲ್ಲಿ ಚೆನ್ನಾಗಿಯೇ ಆಗುತ್ತದೆ. ನಾವು ನಾಲ್ಕು ಜನ ಗೆಳೆಯರು ಹಾಗೆ ಆಡುತ್ತಾ ಬಂದಿದ್ದೇವೆ. ಹೊತ್ತು ನೋಡಿ ಹೋಗಬೇಕು, ಗುರಿ ಹತ್ತಿರ ಇರಬೇಕು, ಕೈಯಲ್ಲಿ ಪಟರ್ ಮಾತ್ರ ಇರಬೇಕು, ಅಂದರೆ ನಿಧಾನ ಎಸೆದರೂ ನೇರ ಹೋಗುವ ಡಿಸ್ಕ್. ದೂರ ಎಸೆಯುವ ಆಸೆಯನ್ನು ಪಾರ್ಕಿನ ಗೇಟಿನ ಹೊರಗೇ ಬಿಟ್ಟು ಬಂದರೆ ಈ ಆಟ ಬೇಗ ಕೈಗೆ ಹತ್ತುತ್ತದೆ. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಲೆಕ್ಕ ಗಾಲ್ಫ್‌ನದ್ದು, ಎಸೆತ ಫ್ರಿಸ್ಬಿಯದ್ದು. ಒಂದು ಗುರುತಿನ ಹಿಂದೆ ನಿಂತು ಡಿಸ್ಕ್ ಎಸೆಯುತ್ತೀರಿ. ಆ ಗುರುತಿಗೆ ಟೀ ಅನ್ನುತ್ತಾರೆ. ಡಿಸ್ಕ್ ಎಲ್ಲಿ ನಿಂತಿತೋ ಅಲ್ಲಿಂದ ಮತ್ತೆ ಎಸೆಯುತ್ತೀರಿ. ಗುರಿ ಮುಟ್ಟುವವರೆಗೆ ಹೀಗೇ. ಎಷ್ಟು ಎಸೆತ ಬೇಕಾಯಿತೋ ಅದು ಸ್ಕೋರ್, ಕಡಿಮೆ ಇದ್ದವರು ಗೆದ್ದರು. ಒಂದು ಗುರಿ ಮುಟ್ಟಿದರೆ ಒಂದು ಹೋಲ್ ಮುಗಿಯಿತು. ದೊಡ್ಡ ಕೋರ್ಸ್‌ಗಳಲ್ಲಿ 9 ಅಥವಾ 18 ಹೋಲ್ ಇರುತ್ತವೆ, ಪ್ರತಿ ಹೋಲ್‌ನ ಕೊನೆಗೆ ಕಂಬದ ಮೇಲೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ ಇರುತ್ತದೆ.

ನಾವು ಆ ಬುಟ್ಟಿಯ ಬದಲು ಮರವನ್ನೇ ಗುರಿ ಮಾಡಿಕೊಂಡಿದ್ದೇವೆ. ಇದು ಏನೋ ಕೊರತೆ ಅಂತ ಅಂದುಕೊಳ್ಳಬೇಡಿ. 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಎಡ್ ಹೆಡ್ರಿಕ್ ಎನ್ನುವವರು ಮೊದಲ ಕಾಯಂ ಕೋರ್ಸ್ ಹಾಕಿದಾಗ ಅಲ್ಲಿಯೂ ಬುಟ್ಟಿ ಇರಲಿಲ್ಲ. ಬರೀ ಕಂಬ. ಡಿಸ್ಕ್ ಕಂಬಕ್ಕೆ ತಾಗಿತೋ ಇಲ್ಲವೋ ಅಂತ ಜಗಳ ಜಾಸ್ತಿಯಾಗಿ, ಆಮೇಲೆ ಅವರೇ ಸರಪಳಿಯ ಬುಟ್ಟಿ ಮಾಡಿದರು. ಫ್ರಿಸ್ಬಿ ನೇರವಾಗಿ ಹಾರುವ ಹಾಗೆ ಮಾಡಿದ್ದೂ ಇವರೇ. 2002ರಲ್ಲಿ ತೀರಿಕೊಂಡಾಗ ಅವರ ಇಷ್ಟದ ಪ್ರಕಾರ ಚಿತಾಭಸ್ಮವನ್ನು ಡಿಸ್ಕ್‌ಗಳ ಪ್ಲಾಸ್ಟಿಕ್‌ನಲ್ಲಿ ಬೆರೆಸಿದರು. ಆ ಮೊದಲ ಕೋರ್ಸ್ ಕೂಡ ಜನ ಓಡಾಡುವ ಪಾರ್ಕಿನಲ್ಲೇ ಇತ್ತು ಅನ್ನುವುದು ನನಗೆ ಮುಖ್ಯ. ಈ ಆಟ ಹುಟ್ಟಿದ್ದೇ ಬೇರೆಯವರ ಜೊತೆ ಜಾಗ ಹಂಚಿಕೊಂಡು.

ಡಿಸ್ಕ್ ತರುವಾಗ

ಡಿಸ್ಕ್ ಗಾಲ್ಫ್‌ನ ಡಿಸ್ಕ್ ಸಾಮಾನ್ಯ ಫ್ರಿಸ್ಬಿಗಿಂತ ಚಿಕ್ಕದು. ಅಗಲ ಸುಮಾರು 21 ಸೆಂಟಿಮೀಟರ್, ತೂಕ ಹೆಚ್ಚಾಗಿ 150ರಿಂದ 180 ಗ್ರಾಂ. ಮೂರು ಬಗೆ: ಪಟರ್, ಮಿಡ್‌ರೇಂಜ್, ಡ್ರೈವರ್. ಡ್ರೈವರ್‌ನ ಅಂಚು ತೆಳ್ಳಗೆ, ಗಟ್ಟಿ. ತುಂಬಾ ವೇಗದಲ್ಲಿ ಎಸೆದರೆ ಮಾತ್ರ ಅದು ಸರಿಯಾಗಿ ಹಾರುತ್ತದೆ. ಹೊಸಬರ ಕೈಯಲ್ಲಿ ಹೊರಟ ಕೂಡಲೇ ಎಡಕ್ಕೆ ವಾಲಿ ಬೀಳುತ್ತದೆ. ಯಾರಿಗಾದರೂ ತಾಗಿದರೆ ಪೆಟ್ಟು ಸಣ್ಣದಲ್ಲ. ಆದ್ದರಿಂದ ಪಾರ್ಕಿಗೆ ಡ್ರೈವರ್ ತರಲೇಬಾರದು. ಇದರಲ್ಲಿ ನಾನು ಹಟಮಾರಿ. ಗೆಳೆಯರ ಚೀಲದಲ್ಲಿ ಕಂಡರೂ ಗಾಡಿಯಲ್ಲಿ ಇಟ್ಟು ಬಾ ಅನ್ನುತ್ತೇನೆ.

ಪಟರ್‌ನ ಅಂಚು ದಪ್ಪ, ದುಂಡು. ನಿಧಾನ ಎಸೆದರೂ ನೇರ ಹೋಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವಾಗ ಡಿಸ್ಕ್ ಮೇಲೆ ನಾಲ್ಕು ಅಂಕಿ ಕಾಣಿಸುತ್ತವೆ: ವೇಗ, ತೇಲುವ ಗುಣ, ಶುರುವಿನಲ್ಲಿ ತಿರುಗುವುದು, ಕೊನೆಯಲ್ಲಿ ವಾಲುವುದು. ಮೊದಲ ಅಂಕಿ 2 ಅಥವಾ 3 ಇದ್ದರೆ ಅದು ಪಟರ್. ಉಳಿದ ಮೂರರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. 165 ಗ್ರಾಂ ಒಳಗಿನ, ಸ್ವಲ್ಪ ಮೆತ್ತಗಿನ ಪ್ಲಾಸ್ಟಿಕ್ ಸಿಕ್ಕಿದರೆ ಒಳ್ಳೆಯದು. ತಲೆಗೆ ಎರಡು ಇದ್ದರೆ ಸಾಕು. ಪಟರ್ ಬರುವವರೆಗೆ ಕಾಯಲು ಆಗದವರು ಅಲ್ಟಿಮೇಟ್ (ಫ್ರಿಸ್ಬಿಯ ತಂಡದ ಆಟ) ಆಡುವ ಗೆಳೆಯರ 175 ಗ್ರಾಂ ಡಿಸ್ಕ್ ಕೇಳಿ ತಂದು ಶುರು ಮಾಡಬಹುದು.

ಬಣ್ಣ ಮಾತ್ರ ಯೋಚಿಸಿ ಆರಿಸಿ. ನಮ್ಮದು ಕೆಂಪು ಮಣ್ಣು, ಮುರಕಲ್ಲು. ಕೆಂಪು, ಕೇಸರಿ ಡಿಸ್ಕ್ ಕಾಲ ಬುಡದಲ್ಲೇ ಇದ್ದರೂ ಕಾಣುವುದಿಲ್ಲ. ಹಳದಿ ಡಿಸ್ಕ್ ಉದುರಿದ ಹಲಸಿನ ಎಲೆಗಳ ನಡುವೆ ಇನ್ನೊಂದು ಎಲೆ ಆಗಿಬಿಡುತ್ತದೆ. ಹಸಿರಂತೂ ಬೇಡವೇ ಬೇಡ. ಗಾಢ ಗುಲಾಬಿ ಅಥವಾ ತಿಳಿನೀಲಿ ಎಲ್ಲಿ ಬಿದ್ದರೂ ಕಣ್ಣಿಗೆ ಹೊಡೆಯುತ್ತದೆ.

ಇದರ ಜೊತೆ ಎರಡು ಹಳೆ ಬೈರಾಸು (ಟವೆಲ್), ನೀರಿನ ಬಾಟಲಿ, ಒಂದು ಪೆನ್ನು, ಚೀಟಿ. ಅಷ್ಟೇ.

ಹೊತ್ತು ಮತ್ತು ಜಾಗ

ವಾರದ ದಿನ ಬೆಳಿಗ್ಗೆ, ವಾಕಿಂಗ್‌ನವರ ದೊಡ್ಡ ಗುಂಪು ಮನೆಗೆ ಹೋದ ಮೇಲೆ, ಬಿಸಿಲು ಏರುವ ಮೊದಲು. ಇದು ನಮಗೆ ಹೊಂದಿದ ಹೊತ್ತು. ಬೆಳಿಗ್ಗೆ ಗಾಳಿಯೂ ಕಡಿಮೆ. ಮಧ್ಯಾಹ್ನ ಆಗುತ್ತಿದ್ದ ಹಾಗೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ಆಮೇಲೆ ಹಗುರ ಡಿಸ್ಕ್ ಹೇಳಿದ ಮಾತು ಕೇಳುವುದಿಲ್ಲ. ರಜೆ ದಿನ, ಶಾಲಾ ಪ್ರವಾಸದ ಬಸ್ಸು ನಿಂತ ದಿನ, ಜನವರಿ ಕೊನೆಯಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವ ದಿನಗಳಲ್ಲಿ ಡಿಸ್ಕ್ ಮನೆಯಲ್ಲೇ ಇರಲಿ.

ಚೀಲದಿಂದ ಡಿಸ್ಕ್ ತೆಗೆಯುವ ಮೊದಲು ಪಾರ್ಕಿನ ಉಸ್ತುವಾರಿ ನೋಡುವವರನ್ನು ಕೇಳಿ. ಡಿಸ್ಕ್ ಗಾಲ್ಫ್ ಅಂದರೆ ಅವರಿಗೆ ಗೊತ್ತಾಗದೆ ಇರಬಹುದು. ಡಿಸ್ಕ್ ಕೈಗೆ ಕೊಡಿ, ಹಿಡಿದು ನೋಡಲಿ. ಎಲ್ಲಿಂದ ಎಲ್ಲಿಗೆ ಎಸೆಯುತ್ತೀರಿ ಅಂತ ನಡೆದೇ ತೋರಿಸಿ. ಬೇಡ ಅಂದರೆ ಬೇಡ, ವಾದ ಮಾಡಬಾರದು. ಪಣಂಬೂರು ಬೀಚಿನಲ್ಲಿ ಬೆಳಿಗ್ಗೆ ಬೇಕಾದಷ್ಟು ಜಾಗ ಇದೆ. ಉಡುಪಿಯವರಿಗೆ ಮಲ್ಪೆ ಇದೆ. ಮರಳಿನಲ್ಲಿ ಕೋಲು ನೆಟ್ಟು ಬೈರಾಸು ಕಟ್ಟಿದರೆ ಗುರಿ ಆಯಿತು. ಆದರೆ ನೀರಿನ ಕಡೆಗೆ ಎಸೆಯಬೇಡಿ, ಹೆಚ್ಚಿನ ಡಿಸ್ಕ್‌ಗಳು ಮುಳುಗುತ್ತವೆ.

ಆರು ಮರ ಆರಿಸುವುದು

ಒಂಬತ್ತು ಹೋಲ್ ಮಾಡಲು ಹೋಗಬೇಡಿ. ಆರು ಸಾಕು. ಮೊದಲ ದಿನ ಬರೀ ನಡೆದು ನೋಡಿ. ಒಂದು ದೊಡ್ಡ ಹೆಜ್ಜೆ ಅಂದಾಜು ಮುಕ್ಕಾಲು ಮೀಟರ್. ಟೀಯಿಂದ ಮರಕ್ಕೆ 35ರಿಂದ 50 ಹೆಜ್ಜೆ ಇರಲಿ, ಅಂದರೆ 25ರಿಂದ 40 ಮೀಟರ್. ಇಷ್ಟು ಹತ್ತಿರವಾ ಅನ್ನಿಸುತ್ತದೆ ಅಲ್ವಾ? ಮೊದಲ ತಿಂಗಳು ಅದೇ ದೂರ ಅನ್ನಿಸುತ್ತದೆ.

ಮರ ಆರಿಸುವಾಗ ನಾನು ನೋಡುವುದು ಮರವನ್ನಲ್ಲ, ಅದರ ಆಚೆ ಏನಿದೆ ಅನ್ನುವುದನ್ನು. ಗುರಿ ತಪ್ಪಿದ ಡಿಸ್ಕ್ ಮರ ದಾಟಿ ಹತ್ತು ಹದಿನೈದು ಮೀಟರ್ ಹೋಗುತ್ತದೆ. ಅಲ್ಲಿ ಬೆಂಚು, ದಾರಿ, ಮಕ್ಕಳು ಆಡುವ ಜಾಗ ಇದ್ದರೆ ಆ ಮರ ಬೇಡ. ಜನ ನಡೆಯುವ ದಾರಿ ಯಾವಾಗಲೂ ನಿಮ್ಮ ಬೆನ್ನ ಹಿಂದೆ ಬರಬೇಕು. ದಾರಿಗೆ ಬೆನ್ನು ಹಾಕಿ, ಹುಲ್ಲಿನ ಒಳಗಿನ ಕಡೆಗೆ ಎಸೆಯುವ ಹಾಗೆ ಟೀ ಇಡಿ. ಇದೊಂದನ್ನು ಪಾಲಿಸಿದರೆ ಅರ್ಧ ತಾಪತ್ರಯ ಅಲ್ಲೇ ತೀರುತ್ತದೆ.

ಮೊದಲ ಎರಡು ಹೋಲ್ ನೇರ, ಬಯಲು ಇರಲಿ. ಮೂರನೆಯದಕ್ಕೆ ನಡುವೆ ಒಂದು ಮರ ಬರಲಿ, ಎಡದಿಂದ ಹೋಗಬೇಕೋ ಬಲದಿಂದ ಹೋಗಬೇಕೋ ಅಂತ ಯೋಚಿಸುವ ಹಾಗೆ. ಪಾರ್ಕ್ ಇರುವುದೇ ಗುಡ್ಡದ ಮೇಲೆ, ಏರುತಗ್ಗು ಇದ್ದೇ ಇದೆ. ನಾಲ್ಕನೆಯದು ಏರು, ಐದನೆಯದು ಇಳಿಜಾರು ಮಾಡಿ. ಏರಿನಲ್ಲಿ ಎಲ್ಲರೂ ಡಿಸ್ಕ್‌ನ ಮೂತಿ, ಅಂದರೆ ಗುರಿಯ ಕಡೆಗಿನ ಅಂಚು, ಎತ್ತಿ ಎಸೆದು ಕೆಡಿಸುತ್ತಾರೆ. ಇಳಿಜಾರಿನಲ್ಲಿ ಅಂದಾಜಿಗಿಂತ ಮುಂದೆ ಹೋಗುತ್ತದೆ. ಆರನೆಯದು ಶುರು ಮಾಡಿದ ಜಾಗದ ಹತ್ತಿರ ಬಂದು ನಿಲ್ಲಲಿ.

ಮರಕ್ಕೆ ಮೊಳೆ ಹೊಡೆಯಬಾರದು, ಬಣ್ಣ ಬಳಿಯಬಾರದು. ಬೈರಾಸನ್ನು ಸೊಂಟದ ಎತ್ತರದಿಂದ ಎದೆಯ ಎತ್ತರದವರೆಗೆ ಅಗಲವಾಗಿ ಸುತ್ತಿ, ಹಿಂದೆ ಗಂಟು ಹಾಕಿ. ಆ ಬಟ್ಟೆಗೆ ತಾಗಿದರೆ ಹೋಲ್ ಮುಗಿಯಿತು. ಬಟ್ಟೆ ಸುತ್ತುವುದರಿಂದ ಎರಡು ಲಾಭ. ತಾಗಿದರೆ ಮರದ ಬೊಡ್ಡೆಗೆ ತಾಗಿದ ಟಪ್ ಸದ್ದಿನ ಬದಲು ಮೆತ್ತನೆ ಸದ್ದು ಬರುತ್ತದೆ, ಜಗಳವಿಲ್ಲ. ತೊಗಟೆಗೂ ಪೆಟ್ಟಾಗುವುದಿಲ್ಲ. ಎಲ್ಲ ಮರಕ್ಕೂ ಕಟ್ಟುವುದು ಬೇಡ. ಒಂದು ಮುಗಿದ ಮೇಲೆ ಬಿಚ್ಚಿಕೊಂಡು ಮುಂದಿನದಕ್ಕೆ ಕಟ್ಟಿದರಾಯಿತು. ತೆಂಗು, ಅಡಿಕೆಯಂಥ ಸಪೂರ ಮರ ಗುರಿಗೆ ಬೇಡ. ಸಣ್ಣ ಗಿಡಗಳಂತೂ ಬೇಡವೇ ಬೇಡ.

ಎಸೆಯುವುದು

ಬಲಗೈಯವರ ಲೆಕ್ಕದಲ್ಲಿ ಹೇಳುತ್ತೇನೆ, ಎಡಗೈಯವರು ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಿ. ಬಲಭುಜ ಗುರಿಯ ಕಡೆ ಬರುವ ಹಾಗೆ ಅಡ್ಡ ನಿಲ್ಲಿ. ಓಡಿಬಂದು ಎಸೆಯುವುದು ಬೇಡ, ನಿಂತೇ ಎಸೆಯಿರಿ. ಹೆಬ್ಬೆರಳು ಡಿಸ್ಕ್‌ನ ಮೇಲೆ. ತೋರುಬೆರಳು ಅಂಚಿಗೆ ಒತ್ತಿರಲಿ. ಉಳಿದ ಮೂರು ಬೆರಳು ಅಡಿಯಲ್ಲಿ ಬೀಸಣಿಗೆ ಹಾಗೆ ಸ್ವಲ್ಪ ಬಿಡಿಸಿರಲಿ.

ಈಗ ಡಿಸ್ಕನ್ನು ಎದೆಯ ಮಟ್ಟದಲ್ಲಿ ಹಿಂದಕ್ಕೆ ಒಯ್ದು, ಎದೆಗೆ ಹತ್ತಿರವಾಗಿ ನೇರ ಗೆರೆಯಲ್ಲಿ ಮುಂದಕ್ಕೆ ಎಳೆಯಿರಿ. ತೆಂಗಿನ ಮಡಲಿನಿಂದ ಗರಿ ಎಳೆದು ತೆಗೆಯುತ್ತೇವಲ್ಲ, ಆ ನೇರ ಎಳೆತ. ಕೈಯನ್ನು ಅರ್ಧಚಂದ್ರದ ಹಾಗೆ ಬೀಸಿದರೆ ಡಿಸ್ಕ್ ಎಲ್ಲಿ ಕೈಬಿಟ್ಟು ಹೋಗುತ್ತದೆ ಅಂತ ಹೇಳುವುದು ಕಷ್ಟ. ತಡವಾಗಿ ಬಿಟ್ಟರೆ ಬಲಕ್ಕೆ, ಬೇಗ ಬಿಟ್ಟರೆ ಎಡಕ್ಕೆ. ಎಳೆಯುವಾಗ ಹಿಡಿತ ಸಡಿಲ ಇರಲಿ, ಬಿಡುವ ಹೊತ್ತಿಗೆ ಬಿಗಿಯಾಗಲಿ. ಡಿಸ್ಕ್ ಹಾರುವುದು ತೋಳಿನ ಬಲದಿಂದ ಮಾತ್ರ ಅಲ್ಲ, ಗಿರಗಿರ ತಿರುಗುವುದರಿಂದ. ಕೊನೆ ಗಳಿಗೆಯಲ್ಲಿ ಮಣಿಕಟ್ಟು ಫಟ್ ಅಂತ ಬಿಡಿಸಿಕೊಂಡರೆ ಆ ತಿರುಗು ಬರುತ್ತದೆ.

ಹೀಗೆ ಎಸೆದ ಡಿಸ್ಕ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ವೇಗ ಇರುವಷ್ಟು ಹೊತ್ತು ನೇರ ಹೋಗಿ, ನಿಧಾನ ಆಗುತ್ತಿದ್ದ ಹಾಗೆ ಎಡಕ್ಕೆ ವಾಲುತ್ತದೆ. ಇದು ನಿಮ್ಮ ತಪ್ಪಲ್ಲ, ಡಿಸ್ಕ್‌ನ ಗುಣ. ಹಾಗಾಗಿ ಮರದ ಬಲಗಡೆಗೆ ಒಂದು ಮೀಟರ್ ಬಿಟ್ಟು ಗುರಿ ಇಡಿ. ಇನ್ನೊಂದು ಉಪಾಯ ಇದೆ. ಬಿಡುವಾಗ ಡಿಸ್ಕ್‌ನ ಹೊರಗಿನ ಅಂಚು, ಅಂದರೆ ನಿಮ್ಮ ಮೈಯಿಂದ ದೂರ ಇರುವ ಅಂಚು, ಸ್ವಲ್ಪ ಕೆಳಗೆ ಇರಲಿ. ಆಗ ಅದು ಶುರುವಿನಿಂದಲೇ ಎಡಕ್ಕೆ ಬಾಗುತ್ತಾ ಹೋಗಿ, ಹೆಚ್ಚು ಉರುಳದೆ ಬಿದ್ದಲ್ಲೇ ಕೂರುತ್ತದೆ. ಜನ ಇರುವ ಪಾರ್ಕಿಗೆ ಇದಕ್ಕಿಂತ ಒಳ್ಳೆಯ ಎಸೆತ ಇಲ್ಲ. ಎಲ್ಲಿ ಬೀಳುತ್ತದೆ ಅಂತ ಮೊದಲೇ ಹೇಳಬಹುದು.

ಹೊಸಬರ ಹತ್ತು ಎಸೆತದಲ್ಲಿ ಏಳು ಒಂದೇ ಕಾರಣಕ್ಕೆ ಕೆಡುತ್ತವೆ ಅನ್ನಬಹುದು: ಡಿಸ್ಕ್‌ನ ಮೂತಿ ಮೇಲೆ ಎದ್ದಿರುತ್ತದೆ. ಅಂಥದ್ದು ಮುಂದೆ ಹೋಗದೆ ಮೇಲಕ್ಕೆ ಏರಿ, ಒಂದು ಕ್ಷಣ ನಿಂತ ಹಾಗೆ ಮಾಡಿ, ಎಡಕ್ಕೆ ಜಾರಿ ಬೀಳುತ್ತದೆ. ತಂಬಿಗೆಯಿಂದ ನೀರು ಹೊಯ್ಯುವಾಗ ಮಣಿಕಟ್ಟು ಬಗ್ಗುತ್ತದಲ್ಲ, ಹಾಗೆ ಹೆಬ್ಬೆರಳಿನ ಬದಿಯನ್ನು ಚೂರು ಕೆಳಗೆ ಬಗ್ಗಿಸಿ ಹಿಡಿದರೆ ಸರಿಯಾಗುತ್ತದೆ. ಎದುರುಗಾಳಿ ಇದ್ದರೆ ಈ ತಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ. ಎದುರುಗಾಳಿಗೆ ತಗ್ಗಿಸಿ ಎಸೆಯಿರಿ. ಹಿಂದಿನಿಂದ ಗಾಳಿ ಇದ್ದರೆ ಡಿಸ್ಕ್ ಬೇಗ ಕೆಳಗೆ ಇಳಿಯುತ್ತದೆ, ಸ್ವಲ್ಪ ಎತ್ತರಿಸಿ.

ಕಾಯುವುದು

ಒಂದು ದಿನ ನಡೆದದ್ದು ಹೇಳಬೇಕು. ದಾರಿ ಖಾಲಿ ಇತ್ತು, ನಾನು ಎಸೆದೆ. ಡಿಸ್ಕ್ ನೆಲಕ್ಕೆ ಬಿದ್ದು ಮಲಗುವ ಬದಲು ಅಂಚಿನ ಮೇಲೆ ಎದ್ದು ನಿಂತು ಚಕ್ರದ ಹಾಗೆ ಉರುಳತೊಡಗಿತು. ಇಳಿಜಾರು ಬೇರೆ. ಉರುಳುತ್ತಾ ಉರುಳುತ್ತಾ ಹೋಗಿ, ತಿರುವಿನಿಂದ ಆಗಷ್ಟೇ ಬಂದ ಒಬ್ಬ ಅಜ್ಜನ ಬೂಟಿಗೆ ತಾಗಿ ಮಲಗಿತು. ನಾನು ಓಡಿ ಹೋಗಿ "ತಪ್ಪಾಯಿತು ಅಜ್ಜ, ಪೆಟ್ಟಾಯ್ತಾ?" ಅಂದೆ. ಅವರು ಬಗ್ಗಿ ಡಿಸ್ಕ್ ಎತ್ತಿಕೊಂಡು ಅಂಚನ್ನು ಬೆರಳಿನಿಂದ ಸವರಿ ನೋಡಿದರು. "ಪೆಟ್ಟು ಎಂತದ್ದೂ ಇಲ್ಲ ಮಾರಾಯ. ನನ್ನ ಜೊತೆ ಪುಳ್ಳಿ ಬರುತ್ತಾಳೆ ಕೆಲವು ದಿನ. ಅವಳಾಗಿದ್ದರೆ?" ಅಂದರು. ಅಷ್ಟೇ ಹೇಳಿದ್ದು. ಡಿಸ್ಕ್ ಕೈಗೆ ಕೊಟ್ಟು ನಡೆದರು.

ಆ ದಿನದಿಂದ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಒಬ್ಬರು ಯಾವಾಗಲೂ ಮರದ ಹತ್ತಿರ, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಟೀಯಿಂದ ಕಾಣದ ತಿರುವು ಅವರಿಗೆ ಕಾಣುತ್ತದೆ. ಅವರು ಕೈ ಎತ್ತಿ ಹಿಡಿದರೆ ಮಾತ್ರ ಎಸೆತ. ಕೈ ಕೆಳಗಿದ್ದರೆ ಎಷ್ಟು ಹೊತ್ತಾದರೂ ಕಾಯುವುದು. ಟೀಯಲ್ಲಿ ನಿಂತವರು ತಾವೂ ನೋಡಬೇಕು: ಮುಂದೆ, ಎರಡೂ ಬದಿ, ಮರದ ಆಚೆ. ಮಕ್ಕಳು ಎಲ್ಲಾದರೂ ಓಡುತ್ತಾ ಇದ್ದರೆ ಅವರು ಎಲ್ಲಿದ್ದಾರೆ ಅಂತ ನೋಡಿದರೆ ಸಾಲದು, ಮೂರು ಸೆಕೆಂಡಿನಲ್ಲಿ ಎಲ್ಲಿಗೆ ಓಡಬಹುದು ಅಂತಲೂ ನೋಡಬೇಕು. ನಾಯಿ ಇದ್ದರೆ ಕಾಯಲೇಬೇಕು. ಅದು ಡಿಸ್ಕ್ ಹಿಡಿಯಲು ಓಡಿ ಬರುತ್ತದೆ, ಅದರ ಹಿಂದೆ ಒಡೆಯನೂ ಓಡಿ ಬರುತ್ತಾನೆ.

ಕೈ ತಪ್ಪಿ ಹೋಯಿತು ಅಂತಾದರೆ ಕೂಗಬೇಕು. ಹೊರದೇಶಗಳಲ್ಲಿ "ಫೋರ್" ಅಂತ ಕೂಗುತ್ತಾರೆ. ಕದ್ರಿಯಲ್ಲಿ ಹಾಗೆ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. "ಜಾಗ್ರತೆ!" ಅನ್ನಿ. ತುಳುವಿನವರಿಗೂ ಕನ್ನಡದವರಿಗೂ ಒಟ್ಟಿಗೆ ಅರ್ಥ ಆಗುತ್ತದೆ.

ಯಾರಾದರೂ ನಿಂತು ನೋಡುತ್ತಿದ್ದರೆ ಆಟ ನಿಲ್ಲಿಸಿ ಮಾತಾಡಿಸಿ. ಅಣ್ಣ, ಅಕ್ಕ, ಒಂದು ಎಸೆದು ನೋಡಿ ಅನ್ನಿ. ಮರುದಿನ ಅವರೇ ಸ್ವಲ್ಪ ದೂರದಿಂದ ಸುತ್ತಿಕೊಂಡು ಹೋಗುತ್ತಾರೆ, ಬೇರೆಯವರಿಗೂ ಹೇಳುತ್ತಾರೆ. ನಿಮ್ಮ ಎಸೆತಕ್ಕಾಗಿ ಯಾರೂ ಕಾಯಬಾರದು. ಕಾಯುವವರು ಯಾವಾಗಲೂ ಡಿಸ್ಕ್ ಹಿಡಿದವರು.

ಕೊನೆಯ ನಾಲ್ಕು ಮೀಟರ್

ಸ್ಕೋರ್ ಕಡಿಮೆಯಾಗುವುದು ಇಲ್ಲಿ. ಗುರಿಯ ಹತ್ತಿರದಿಂದ ಹಾಕುವ ಎಸೆತಕ್ಕೆ ಪಟ್ ಅನ್ನುತ್ತಾರೆ. ಇದಕ್ಕೆ ಅಡ್ಡ ನಿಲ್ಲಬೇಡಿ, ಮರಕ್ಕೆ ಮುಖ ಮಾಡಿ. ಬಲಗಾಲು ಮುಂದೆ, ಎಡಗಾಲು ಹಿಂದೆ. ಭಾರವನ್ನು ಹಿಂದಿನ ಕಾಲಿಂದ ಮುಂದಿನ ಕಾಲಿಗೆ ತರುತ್ತಾ, ಡಿಸ್ಕನ್ನು ಹೊಟ್ಟೆಯ ಹತ್ತಿರದಿಂದ ನೇರ ಗುರಿಯ ಕಡೆ ತಳ್ಳಿ ಬಿಡಿ. ಬಿಟ್ಟ ಮೇಲೆ ಕೈ ಮರವನ್ನೇ ತೋರಿಸುತ್ತಾ ನಿಲ್ಲಬೇಕು, ಬೆರಳುಗಳೆಲ್ಲ ಬಿಡಿಸಿಕೊಂಡಿರಬೇಕು. ಇಡೀ ಬೈರಾಸನ್ನು ನೋಡಬೇಡಿ. ಅದರ ಒಂದು ಗೆರೆ, ಒಂದು ಕಲೆ ನೋಡಿ.

ಮನೆಯಲ್ಲೂ ಅಭ್ಯಾಸ ಮಾಡಬಹುದು. ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯನ್ನು ಸ್ಟೂಲಿನ ಮೇಲೆ ಇಟ್ಟು, ನಾಲ್ಕು ಮೀಟರ್ ದೂರದಿಂದ ದಿನಾ 30 ಸಲ. ಬುಟ್ಟಿಯ ಬಾಯಿ ನೆಲದಿಂದ ಸುಮಾರು 80 ಸೆಂಟಿಮೀಟರ್ ಮೇಲೆ ಬಂದರೆ ನಿಜವಾದ ಕೋರ್ಸ್‌ನ ಬುಟ್ಟಿಯ ಎತ್ತರವೇ ಆಯಿತು. ಮಳೆಗಾಲದಲ್ಲಿ ಜಗಲಿಯಲ್ಲಿ ಹೀಗೆ ಆಡಿದ ಗೆಳತಿಯೊಬ್ಬಳು ಅಕ್ಟೋಬರ್‌ನಲ್ಲಿ ಪಾರ್ಕಿಗೆ ಬಂದು ನಮ್ಮೆಲ್ಲರನ್ನೂ ಸೋಲಿಸಿದಳು. ಅವಳು ಈಗಲೂ ನಮ್ಮಷ್ಟು ದೂರ ಎಸೆಯುವುದಿಲ್ಲ.

ಲೆಕ್ಕ

ಎಲ್ಲ ಹೋಲ್‌ಗೂ ಪಾರ್ (ಚೆನ್ನಾಗಿ ಆಡಿದರೆ ಬೇಕಾಗುವ ಎಸೆತ) 3 ಅಂತ ಇಟ್ಟುಕೊಳ್ಳಿ. ಆರು ಹೋಲ್‌ಗೆ 18. ಟೀಯಿಂದ ಎಲ್ಲರೂ ಎಸೆದ ಮೇಲೆ ಗುರಿಯಿಂದ ಯಾರ ಡಿಸ್ಕ್ ದೂರ ಇದೆಯೋ ಅವರು ಮೊದಲು ಎಸೆಯಬೇಕು, ಮರದ ಹತ್ತಿರ ನಿಂತು ಕೈ ತೋರಿಸುವವರನ್ನು ಬಿಟ್ಟು ಉಳಿದವರು ಅವರ ಹಿಂದೆಯೇ ಇರಬೇಕು. ಡಿಸ್ಕ್ ಬಿದ್ದ ಜಾಗದ ಹಿಂದೆ ಕಾಲಿಟ್ಟು ಎಸೆಯುವುದು. ಗುರಿಗೆ 10 ಮೀಟರ್ ಒಳಗೆ ಬಂದ ಮೇಲೆ ಎಸೆದ ಭರದಲ್ಲಿ ಮುಂದಕ್ಕೆ ಹೆಜ್ಜೆ ಇಡುವಂತಿಲ್ಲ, ಮೈ ಸ್ಥಿರವಾದ ಮೇಲೆಯೇ ಮುಂದೆ ಹೋಗಬೇಕು. ಹೂವಿನ ಪಾತಿ, ನಡೆಯುವ ದಾರಿ, ನೀರು ಇವೆಲ್ಲ ಗಡಿಯ ಹೊರಗೆ ಅಂತ ಮೊದಲೇ ಮಾತಾಡಿಕೊಳ್ಳಿ. ಅಲ್ಲಿ ಬಿದ್ದರೆ ಸ್ಕೋರಿಗೆ ಒಂದು ಸೇರುತ್ತದೆ, ಗಡಿ ದಾಟಿದ ಜಾಗದಿಂದ ಆಟ ಮುಂದುವರಿಯುತ್ತದೆ. ಹೂವಿನ ಪಾತಿಯೊಳಗೆ ಕಾಲಿಟ್ಟು ಎಸೆಯುವ ಪ್ರಶ್ನೆಯೇ ಬರಬಾರದು. ಡಿಸ್ಕ್ ಹೆಕ್ಕುವಾಗಲೂ ಗಿಡ ನೋಡಿ ಹೆಜ್ಜೆ ಇಡಿ.

ಮರದಲ್ಲಿ ಸಿಕ್ಕಿಕೊಂಡರೆ, ಮಳೆ ಬಂದರೆ

ಡಿಸ್ಕ್ ಕೊಂಬೆಯಲ್ಲಿ ಸಿಕ್ಕಿಕೊಂಡರೆ ಕಲ್ಲು ಹೊಡೆಯಬೇಡಿ. ಇನ್ನೊಂದು ಡಿಸ್ಕ್ ಎಸೆದು ಬೀಳಿಸಲು ಹೋದರೆ ಎರಡೂ ಅಲ್ಲೇ ಕೂರುತ್ತವೆ. ಉದ್ದ ಕೋಲು ಹುಡುಕಿ. ಮಾವಿನ ಮರ ಆದರೆ ಹತ್ತುವ ಮೊದಲು ಎಲೆ ಹೆಣೆದು ಮಾಡಿದ ಕೆಂಪಿರುವೆ ಗೂಡು ಇದೆಯಾ ಅಂತ ನೋಡಿ. ಪೊದೆಯೊಳಗೆ ಬಿದ್ದದ್ದಕ್ಕೆ ಬರಿಗೈ ಹಾಕಬಾರದು, ಕೋಲಿನಿಂದ ಸರಿಸಿ ನೋಡಿ ಆಮೇಲೆ ತೆಗೆಯಿರಿ. ಮುರಕಲ್ಲಿಗೆ ಉಜ್ಜಿದ ಡಿಸ್ಕ್‌ನ ಅಂಚಿನಲ್ಲಿ ಸಣ್ಣ ಸಣ್ಣ ಸಿಬಿರು ಏಳುತ್ತವೆ, ಬೆರಳಿಗೆ ಚುಚ್ಚುತ್ತವೆ. ಮನೆಗೆ ಹೋಗಿ ನಯವಾದ ಸ್ಯಾಂಡ್ ಪೇಪರ್‌ನಲ್ಲಿ ಮೆಲ್ಲಗೆ ತಿಕ್ಕಿದರೆ ಹೋಗುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟಕ್ಕೆ ರಜೆ ಅಂತಲೇ ತಿಳಿಯಿರಿ. ಒದ್ದೆ ಡಿಸ್ಕ್ ಕೈಯಿಂದ ಜಾರಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಬೈರಾಸಿನಲ್ಲಿ ಒರೆಸಿ ಒರೆಸಿ ಆಡಬಹುದು. ಮಳೆಗಾಲದ ಮೊದಲು ಮತ್ತು ಆಮೇಲೆ ಸಂಜೆ ಹೊತ್ತು ಗುಡುಗು ಜಾಸ್ತಿ. ದೂರದಲ್ಲಿ ಗುಡುಗು ಕೇಳಿದರೂ ಆ ಹೋಲ್ ಮುಗಿಸುವ ಯೋಚನೆ ಬೇಡ, ಮರಗಳ ಕೆಳಗಿಂದ ಹೊರಟು ಕಟ್ಟಡದೊಳಗೆ ಹೋಗಿ.

ಆಟ ಮುಗಿದ ಮೇಲೆ ಬೈರಾಸು ಬಿಚ್ಚಿ, ಡಿಸ್ಕ್ ಎಣಿಸಿ, ಹೋಗುವ ದಾರಿಯಲ್ಲಿ ಕಂಡ ಎರಡು ಬಾಟಲಿ ಹೆಕ್ಕಿ ಕಸದ ಡಬ್ಬಿಗೆ ಹಾಕಿ. ತಿಂಗಳಿಗೊಮ್ಮೆ ಆರೂ ಮರಗಳನ್ನು ಬದಲಾಯಿಸಿ, ಟೀ ಜಾಗವನ್ನೂ ಸರಿಸಿ. ಒಂದೇ ಕಡೆ ನಿಂತು ಎಸೆದರೆ ಅಲ್ಲಿನ ಹುಲ್ಲು ಸತ್ತು ಕೆಂಪು ಮಣ್ಣು ಕಾಣುತ್ತದೆ, ಮುಂದಿನ ಮಳೆಗೆ ಅದೇ ಜಾಗ ಕೊಚ್ಚಿ ಹೋಗುತ್ತದೆ.